ಬೆಳ್ಳಿ ಚುಕ್ಕಿಗೆ ಹೋಗಿ ಮಾಡೂದೇನು?

ಬೆಳ್ಳಟ್ಟಿಯಲ್ಲಿ ಶುಕ್ರನಿಗೆ ಒಳ್ಳೆಯ ಹೆಸರಿದೆ. ಯಾರದಾದರೂ ಮಾಲಿಗೆ ಪೇಟೆಯಲ್ಲಿ ಒಳ್ಳೆಯ ಧಾರಣೆ ಸಿಕ್ಕರೆ 'ಅವಗ ಶುಕ್ರದೆಸಿ ಬಂತು ಬಿಡ' ಎನ್ನುತ್ತಾರೆ. ಪಂಚಾಂಗದಲ್ಲಿ ಶುಕ್ರ ಅಸ್ತನಾದನೆಂದರೆ ಮದುವೆಯ ಮಾತುಕತೆ ನಿಲ್ಲುತ್ತದೆ. ಅವನು ಮತ್ತೆ ಮುಖ ತೋರಿಸಿದ ಮೇಲೆಯೇ ಹಂದರದ ಕಂಬ ನೆಡುವುದು. ಇನ್ನು ಬೆಳಗಿನ ಜಾವ ಮೂಡಲಿಗೆ ಹೊಳೆಯುವ ಬೆಳ್ಳಿ ಚುಕ್ಕಿಯಂತೂ ಹಳೆಯ ಮಂದಿಗೆ ಗಡಿಯಾರವೇ ಆಗಿತ್ತು. ಚುಕ್ಕಿ ಕಂಡರೆ ಎದ್ದು ಗ್ವಾದಲಿಗೆ ಕಣಿಕೆ ಹಾಕಬೇಕು. ಎತ್ತು ಮೇಯ್ದು ಮುಗಿಸುವ ಹೊತ್ತಿಗೆ ಬುತ್ತಿ ಕಟ್ಟಿರಬೇಕು. ಈಗ ಊರಿಗೆ ಟ್ರ್ಯಾಕ್ಟರ್ ಬಂದಿದೆ, ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆ. ಆದರೂ ಅಂಗಳಕ್ಕೆ ಬಂದು ಒಮ್ಮೆ ಮೂಡಲಿನತ್ತ ನೋಡುವ ರೂಢಿ ಕೆಲವರನ್ನು ಇನ್ನೂ ಬಿಟ್ಟಿಲ್ಲ.

ಇಂಥ ಸಭ್ಯಸ್ಥ ಚುಕ್ಕಿಯ ಬಗ್ಗೆ ಊರಿನ ನಿವೃತ್ತ ಮಾಸ್ತರರು ಹೇಳಿದ ಸಂಗತಿ ಆರು ಎಕರೆಯ ಒಬ್ಬ ರೈತನಿಗೆ ಮೊದಲು ಶುದ್ಧ ಚಾಡಿಯಂತೆ ಕೇಳಿಸಿತು. ಶುಕ್ರ ಎಂದರೆ ಒಂದು ಕುಲುಮೆ ಎಂದಿದ್ದರು ಮಾಸ್ತರರು. ಅಲ್ಲಿಯ ನೆಲದ ಶಾಖ 460 ಡಿಗ್ರಿಗೂ ಮೇಲೆ. ಸೀಸ ಇಟ್ಟರೆ ಕರಗಿ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈಆಕ್ಸೈಡ್. ಮೋಡಗಳು ಗಂಧಕಾಮ್ಲದವು. ಗಾಳಿಯ ಒತ್ತಡ ಇಲ್ಲಿಯದಕ್ಕಿಂತ ತೊಂಬತ್ತು ಪಟ್ಟು ಹೆಚ್ಚು.

"ಅಂದ್ರ ಎಷ್ಟಾತ್ರಿ ಸರ?" ಎಂದು ಕೇಳಿದ ರೈತ. ಅವನು ಮಾಸ್ತರರ ಕೈಯಲ್ಲಿ ಕಲಿತವನೇ.

"ಮೂರು ಸಾವಿರ ಅಡಿ ಬೋರು ಹೊಡದೀ ಅಂತ ತಿಳ್ಕೊ. ಅದರ ತುಂಬ ನೀರು ನಿಂತೈತಿ. ಅದರ ತಳದಾಗ ನೀ ಕುಂತೀ. ನಿನ್ನ ಮ್ಯಾಲ ಎಷ್ಟು ಭಾರ ಬೀಳತೈತಿ, ಅಷ್ಟು."

"ಮೂರು ಸಾವಿರ ಅಡಿ ನೀರು! ನಮಗ ಎರಡಿಂಚು ಬಿದ್ರ ಸಾಕಾಗಿತ್ರಿ" ಎಂದ ಆತ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆತ ಮಾತ್ರ ನಗಲಿಲ್ಲ.

ಮಾತು ಶುಕ್ರನತ್ತ ಹೊರಳಿದ್ದು ಪತ್ರಿಕೆಯ ಸುದ್ದಿಯಿಂದ. 2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟ ಶುಕ್ರನನ್ನು ಸುತ್ತುವ ನೌಕೆಯೊಂದಕ್ಕೆ ಒಪ್ಪಿಗೆ ನೀಡಿತ್ತು. ವೆಚ್ಚ 1236 ಕೋಟಿ ರೂಪಾಯಿ. ಇಸ್ರೊ ಅದನ್ನು ಸಿದ್ಧಪಡಿಸಿ 2028ರ ಮಾರ್ಚ್‌ನಲ್ಲಿ ಹಾರಿಸಬೇಕೆಂಬುದು ಗುರಿ. ರೈತನಿಗೆ ಇಸ್ರೊ ಮೇಲೆ ಯಾವ ದ್ವೇಷವೂ ಇರಲಿಲ್ಲ. 2014ರಲ್ಲಿ ಮಂಗಳನ ಸುತ್ತ ನೌಕೆ ಸೇರಿದ ಸುದ್ದಿಗೆ ಹಿಗ್ಗಿದ್ದ. 2023ರ ಆಗಸ್ಟ್ 23ರ ಸಂಜೆ ಚಂದ್ರನ ಮೇಲೆ ನೌಕೆ ಇಳಿಯುವುದನ್ನು ನೋಡಲು ಟಿ.ವಿ. ಮುಂದೆ ಕುಳಿತು, ಮುಂಗಾರು ಕೈಕೊಟ್ಟ ಆ ವರ್ಷದ ಚಿಂತೆಯನ್ನು ಅರ್ಧ ತಾಸು ಮರೆತು, ಚಪ್ಪಾಳೆ ತಟ್ಟಿದ್ದ. ಚಂದ್ರ ತಂಪು, ಮನೆಯ ಮಕ್ಕಳಿಗೆಲ್ಲ ಮಾಮ. ಅಲ್ಲಿಗೆ ಹೋಗುವುದರಲ್ಲಿ ಒಂದು ಅರ್ಥವಿದೆ. ಆದರೆ ಇಟ್ಟ ಯಂತ್ರ ಗಳಿಗೆಯಲ್ಲಿ ಬೆಂದುಹೋಗುವ ಜಾಗಕ್ಕೆ?

"ಬೆಳ್ಳಿ ಚುಕ್ಕಿಗೆ ಹೋಗಿ ಮಾಡೂದೇನೈತ್ರಿ ಸರ? ಬಿತ್ತಾಕ ಬರೂದಿಲ್ಲ, ಇರಾಕ ಬರೂದಿಲ್ಲ. ಅಷ್ಟು ರೊಕ್ಕದಾಗ ಎಷ್ಟು ಕೆರಿ ಹೂಳು ತಗೀಬಹುದು ಹೇಳ್ರಿ."

ಮಾಸ್ತರರು ಲೆಕ್ಕ ಹಾಕಿದರು. ದೇಶದ ಮಂದಿಗೆ ಹಂಚಿದರೆ ತಲೆಗೆ ಒಂಬತ್ತು ರೂಪಾಯಿಯೂ ಬೀಳುವುದಿಲ್ಲ ಎಂದರು. ರೈತ ಬಿಡಲಿಲ್ಲ. "ತಲಿಗೆ ಒಂಬತ್ತು ಅಂದ್ರ ಸಣ್ಣದು ಕಾಣತೈತ್ರಿ. ಒಟ್ಟಿಗೆ ಸುರುವಿದ್ರ ದೊಡ್ಡದಾ ಅಲ್ಲೇನ್ರಿ?" ಮಾಸ್ತರರು ಅದಕ್ಕೆ ತಲೆದೂಗಿದರು. ಮಾತು ತಪ್ಪಾಗಿರಲಿಲ್ಲ.

ಆ ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಐದು ತಿಂಗಳ ಮೇಲೆ ಅದು ರೈತನ ಮನೆಯೊಳಗೆ ಬೇರೆ ವೇಷದಲ್ಲಿ ಬಂದು ಕುಳಿತಿತು.

2025ರ ಫೆಬ್ರುವರಿಯಲ್ಲಿ ಹಿಂಗಾರಿಯ ಕಡಲೆ ಮಾರಿ ಒಂದಿಷ್ಟು ರೊಕ್ಕ ಕೈಗೆ ಬಂದಿತ್ತು. ಹಳೆಯ ಸಾಲದ ಕಂತು ತೀರಿಸಿ ಉಳಿದದ್ದು ಒಂದೇ ಕೆಲಸಕ್ಕೆ ಸಾಲುವಷ್ಟು. ಅಪ್ಪನ ಮನಸ್ಸಿನಲ್ಲಿದ್ದದ್ದು ಬೋರು. ಎರಡು ಎಕರೆ ಮಸಾರಿ ಹೊಲದಲ್ಲಿ ನೀರು ಬಿದ್ದರೆ ವರ್ಷಕ್ಕೆ ಎರಡು ಬೆಳೆ; ಸಾಲದ ಬಾಯಿ ಮುಚ್ಚುತ್ತದೆ. ಮಗಳ ಮನಸ್ಸಿನಲ್ಲಿದ್ದದ್ದು ಧಾರವಾಡ. ಗದಗಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ಅವಳಿಗೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದಬೇಕೆಂಬ ಆಸೆ.

"ಅದನ್ನ ಓದಿ ಏನ್ ಮಾಡ್ತೀ ಯವ್ವಾ? ಬಿ.ಎಡ್. ಮಾಡು, ಎಲ್ಲ್ಯರ ಸಾಲಿ ಸಿಗತೈತಿ. ಭೌತಶಾಸ್ತ್ರ ಓದಿದವರೆಲ್ಲಾರಿಗೂ ನೌಕರಿ ಐತೇನು? ಗ್ಯಾರಂಟಿ ಇಲ್ಲದ್ದಕ್ಕ ರೊಕ್ಕ ಹಾಕೂದು ಹ್ಯಾಂಗ?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಬೋರಿಗೆ ಗ್ಯಾರಂಟಿ ಐತೇನಪ್ಪಾ?"

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಯಾಕೆಂದರೆ ಅದು ಮೂರನೆಯ ಬೋರು. 2016ರ ಬರದಲ್ಲಿ ಮೊದಲನೆಯದು 380 ಅಡಿ ಇಳಿದು ಬೂದಿ ಕಾರಿತ್ತು. ಎರಡು ವರ್ಷದ ಮೇಲೆ ಇನ್ನೊಂದು ಮೂಲೆಯಲ್ಲಿ ಎರಡನೆಯದು 520 ಅಡಿ ಇಳಿದು ಅದನ್ನೇ ಮಾಡಿತ್ತು. ಎರಡಕ್ಕೂ ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳಿದವರಿದ್ದರು. ದಕ್ಷಿಣೆ ತೆಗೆದುಕೊಂಡು ಹೋಗಿದ್ದರು. ಮೊದಲನೆಯ ಬೋರಿಗೆ ಅವ್ವನ ಬೋರಮಾಳ ಹೋಗಿತ್ತು. 'ಬೋರಮಾಳ ಬೋರಿಗೆ ಹೋತು' ಎಂದು ಅವ್ವ ನಕ್ಕೇ ಹೇಳುತ್ತಾಳೆ. ಆದರೆ ಮದುವೆ ಮುಂಜಿಗೆ ಹೊರಡುವಾಗ ಸೆರಗನ್ನು ಕೊರಳಿನ ತನಕ ಎಳೆದುಕೊಳ್ಳುತ್ತಾಳೆ.

ಅದೇ ವಾರದ ಒಂದು ಸಂಜೆ ಅಪ್ಪ, ಮಗಳು ಇಬ್ಬರೂ ಮಾಸ್ತರರ ಕಟ್ಟೆಗೆ ಬಂದರು. ನ್ಯಾಯ ಹೇಳಿಸಿಕೊಳ್ಳಲು ಬಂದಂತೆ ಇಬ್ಬರ ಮುಖವೂ ಬಿಗಿದಿತ್ತು. ಪಡುವಲಿಗೆ ಶುಕ್ರ ಥಳಥಳಿಸುತ್ತಿದ್ದ. ಆ ತಿಂಗಳು ಅವನ ಹೊಳಪು ಏರಿತ್ತು. ಸಂಜೆಯ ಈ ಚುಕ್ಕಿಯೂ ಬೆಳಗಿನ ಬೆಳ್ಳಿ ಚುಕ್ಕಿಯೂ ಒಂದೇ ಎಂದು ಮಾಸ್ತರರು ಅಪ್ಪನಿಗೆ ಮೂವತ್ತೈದು ವರ್ಷಗಳ ಹಿಂದೆ ಹೇಳಿಕೊಟ್ಟಿದ್ದರು. ಈಗ ಬೋರಿನ ಮಾತಿಗೂ ಧಾರವಾಡದ ಮಾತಿಗೂ ಕೈಹಾಕದೆ, ಆ ಚುಕ್ಕಿಯ ಕಥೆಯನ್ನೇ ಮುಂದುವರಿಸಿದರು.

ಶುಕ್ರನ ಮೈಮೇಲೆ ಸದಾ ಮೋಡ. ಮೋಡವಿದ್ದ ಮೇಲೆ ಮಳೆ ಇರಬೇಕು, ಜೌಗು ಇರಬೇಕು, ದಟ್ಟ ಕಾಡು ಇರಬೇಕು ಎಂದು ನಂಬಿದ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಇದ್ದರು. "ಮಾಡ ನೋಡಿ ಮಳಿ ಅಂದ್ರೇನ್ರಿ? ಅವರು ನಮ್ಮೂರಿಗೆ ಬರಬೇಕಿತ್ತು" ಎಂದ ಅಪ್ಪ. ನಿಜವೇ. ಅಲ್ಲಿ ಗಂಧಕಾಮ್ಲದ ಮಳೆ ಬೀಳುತ್ತದೆ, ಆದರೆ ಕೆಳಗಿನ ಶಾಖಕ್ಕೆ ನೆಲ ಮುಟ್ಟುವ ಮುಂಚೆಯೇ ಆರಿಹೋಗುತ್ತದೆ. 1962ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾರಿನರ್-2 ಪಕ್ಕದಿಂದ ಹಾದುಹೋದಾಗ ಶುಕ್ರ ಕಾಡಲ್ಲ, ಕುಲುಮೆ ಎಂಬುದು ಗಟ್ಟಿಯಾಯಿತು.

ಸೋವಿಯತ್ ಒಕ್ಕೂಟದವರು ಆ ಕುಲುಮೆಯೊಳಗೆ ಇಳಿಯಲು ಹಟ ಹಿಡಿದರು. ವೆನೆರಾ ಎಂಬ ಹೆಸರಿನ ನೌಕೆಗಳು ಒಂದಾದ ಮೇಲೊಂದು ಹೋದವು. ಮೊದಲನೆಯದು ಹಾದಿಯಲ್ಲೇ ಮೌನವಾಯಿತು. ಮೂರನೆಯದು 1966ರಲ್ಲಿ ಶುಕ್ರನಿಗೆ ಬಡಿದದ್ದೇನೋ ನಿಜ, ಒಂದು ಮಾತನ್ನೂ ಕಳಿಸಲಿಲ್ಲ. ನಾಲ್ಕನೆಯದು 1967ರಲ್ಲಿ ಇಳಿಯುತ್ತ ಇಳಿಯುತ್ತ ಶಾಖ, ಒತ್ತಡಗಳ ಲೆಕ್ಕ ಕಳಿಸಿ, ನೆಲ ಮುಟ್ಟುವ ಮುಂಚೆ ಸುಮ್ಮನಾಯಿತು. ಐದು, ಆರನೆಯವೂ 1969ರಲ್ಲಿ ಗಾಳಿಯಲ್ಲೇ ಜಜ್ಜಿಹೋದವು. ಆದರೆ ಸಾಯುವ ಮುಂಚೆ ಅವು ಎಷ್ಟು ಆಳಕ್ಕೆ ಎಷ್ಟು ಭಾರ ಎಂದು ಹೇಳಿದ್ದವು. ಅದನ್ನು ನೋಡಿ ಏಳನೆಯದರ ಕವಚವನ್ನು ಇನ್ನೂ ದಪ್ಪ ಮಾಡಿದರು.

1970ರ ಡಿಸೆಂಬರ್ 15ರಂದು ಏಳನೆಯದರ ಪ್ಯಾರಾಚೂಟ್ ಕೈಕೊಟ್ಟಿತು. ನೌಕೆ ಧೊಪ್ಪನೆ ಬಿತ್ತು. ಎಲ್ಲ ಮುಗಿಯಿತೆಂದೇ ಅಂದುಕೊಂಡರು. ಆಮೇಲೆ ಟೇಪುಗಳನ್ನು ಮತ್ತೆ ಕೂತು ಪರೀಕ್ಷಿಸಿದಾಗ, ಗದ್ದಲದ ನಡುವೆ ತೀರ ಕ್ಷೀಣವಾದ ದನಿ ಸಿಕ್ಕಿತು. ಬಿದ್ದ ಮೇಲೂ ಅದು 23 ನಿಮಿಷ ಶಾಖದ ಲೆಕ್ಕ ಕಳಿಸುತ್ತಲೇ ಇತ್ತು. ಬೇರೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊದಲ ಸುದ್ದಿ ಅದು.

"ಆ ಟೇಪು ಒಗದುಬಿಟ್ಟಿದ್ರ?" ಎಂದಳು ಮಗಳು.

"ಒಗದಿದ್ರ ಅದೂ ಒಂದು ಫೇಲ್ ಬೋರು" ಎಂದರು ಮಾಸ್ತರರು.

1975ರಲ್ಲಿ ವೆನೆರಾ-9 ಅಲ್ಲಿಯ ಕಲ್ಲುನೆಲದ ಚಿತ್ರ ಕಳಿಸಿತು. 1982ರಲ್ಲಿ ವೆನೆರಾ-13 ಅರ್ಧ ತಾಸು ಬದುಕಿದರೆ ಸಾಕು ಎಂದು ಕಟ್ಟಿದ್ದು, 127 ನಿಮಿಷ ಬದುಕಿ, ನೆಲ ಕೊರೆದು, ಮಣ್ಣಿನ ಪರೀಕ್ಷೆಯನ್ನೂ ಮಾಡಿತು. ವಿಜಯಪುರದ ಕಡೆಯ ಎರೆಭೂಮಿಗೆ ತಾಯಿಯಾದ ಕಪ್ಪು ಬಸಾಲ್ಟ್ ಇದೆಯಲ್ಲ, ಅದರ ಜಾತಿಯ ಕಲ್ಲೇ ಅಲ್ಲಿಯೂ ಸಿಕ್ಕಿತು. ಅದರ ಜೋಡಿ ವೆನೆರಾ-14ರದು ಬೇರೆಯೇ ಕಥೆ. ಕ್ಯಾಮೆರಾದ ಮುಚ್ಚಳ ಕಳಚಿ ನೆಲಕ್ಕೆ ಬಿತ್ತು. ಮಣ್ಣಿನ ಗಟ್ಟಿತನ ನೋಡಲೆಂದು ಚಾಚಿದ ಕೈ ಸರಿಯಾಗಿ ಆ ಮುಚ್ಚಳದ ಮೇಲೆಯೇ ಹೋಗಿ ಕುಳಿತಿತು. ಅಷ್ಟು ಕೋಟಿ ಕಿಲೋಮೀಟರ್ ಹೋಗಿ ತಮ್ಮದೇ ಮುಚ್ಚಳವನ್ನು ಪರೀಕ್ಷೆ ಮಾಡಿ ಬಂದರು ಎಂದು ಕೇಳಿ ಅಪ್ಪ ಹೊಟ್ಟೆ ಹಿಡಿದು ನಕ್ಕ. ಮಣ್ಣು ಪರೀಕ್ಷೆಗೆಂದು ಗೊಬ್ಬರದ ತಿಪ್ಪೆಯ ಪಕ್ಕದ ಮಣ್ಣು ಕೊಟ್ಟು ಬಂದವರು ಊರಲ್ಲೂ ಇದ್ದರು.

ನಗು ನಿಂತ ಮೇಲೆ ಅಪ್ಪ ಮೊದಲಿನ ಪ್ರಶ್ನೆಗೇ ಬಂದ. "ಎಲ್ಲಾ ಖರೇರಿ ಸರ. ಯಂತ್ರ ಸುಟ್ರ ಯಂತ್ರ ಹೋತು, ಮನಶ್ಯಾರು ಸಾಯಲಿಲ್ಲ. ಆದ್ರ ನಮ್ಮಂತಾವ್ರಿಗೆ ಅದರಿಂದ ಬಂದದ್ದೇನು?"

ಮಾಸ್ತರರು ಮಗಳನ್ನು ಕಳಿಸಿ ಮನೆಯೊಳಗಿಂದ ಒಂದು ನಿಂಬೆಹಣ್ಣು ತರಿಸಿದರು. ಎರೆ ಹೊಲದಲ್ಲಿ ಕುಂಟೆ ಹೊಡೆಯುವಾಗ ಸಿಗುವ ಬಿಳಿಯ ಸುಣ್ಣದ ಹರಳು ಅವರ ಕಿಟಕಿಯಲ್ಲಿ ಯಾವಾಗಲೂ ನಾಲ್ಕಾರು ಬಿದ್ದಿರುತ್ತವೆ. ಒಂದನ್ನು ಕುಟ್ಟಿ ಪುಡಿ ಮಾಡಿ ಅದರ ಮೇಲೆ ನಿಂಬೆ ಹಿಂಡಿದರು. ಪುಡಿ ಬುರುಬುರು ನೊರೆ ಬಿಟ್ಟಿತು.

"ಈ ನೊರಿಯೊಳಗ ಇರೂ ಗಾಳೀನ ಶುಕ್ರನ ಮ್ಯಾಲೆ ಇರೂದು. ನಮ್ಮಲ್ಲಿ ಅದು ಕಲ್ಲಿನೊಳಗ ಕುಂತೈತಿ, ಸಮುದ್ರದಾಗ ಕುಂತೈತಿ. ಅಲ್ಲಿ ಎಲ್ಲಾ ಆಕಾಶದಾಗ ನಿಂತೈತಿ. ಗಾತ್ರದಾಗ ಎರಡೂ ಗ್ರಹ ಅಕ್ಕ ತಂಗಿ ಇದ್ದಂಗ. ಆ ಗಾಳಿ ಬಿಸಿಲಿನ ಕಾವು ಹೊರಗ ಬಿಡೂದಿಲ್ಲ. ಕಂಬಳಿ ಹೊಚ್ಚಿದಂಗ."

ಭೂಮಿ ನಾಳೆಯೇ ಶುಕ್ರನಾಗಿಬಿಡುತ್ತದೆ ಎಂದು ಮಾಸ್ತರರು ಹೆದರಿಸಲಿಲ್ಲ. ಆದರೆ ಕಂಬಳಿ ದಪ್ಪವಾದರೆ ಏನಾಗುತ್ತದೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಅದು. 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ನಿಂತು ಭೂಮಿ ಬಿಸಿಯಾಗತೊಡಗಿದೆ ಎಂದು ಎಚ್ಚರಿಸಿದ ಜೇಮ್ಸ್ ಹ್ಯಾನ್ಸನ್ ಎಂಬ ವಿಜ್ಞಾನಿ ಮೊದಲು ಅಭ್ಯಾಸ ಮಾಡುತ್ತಿದ್ದದ್ದು ಶುಕ್ರನ ಮೋಡಗಳನ್ನು. ಅಲ್ಲಿಯ ಲೆಕ್ಕ ಹಾಕುತ್ತಿದ್ದವರು ಇಲ್ಲಿಯ ಲೆಕ್ಕಕ್ಕೆ ಬಂದರು. ಮಿರಗದ ಮಳೆ ಹೇಳಿದ ಹೊತ್ತಿಗೆ ಬಾರದ, ಬಂದರೆ ಬಿತ್ತಿದ ಬೀಜವನ್ನೇ ಕೊಚ್ಚಿಕೊಂಡು ಹೋಗುವ ಕಾಲದಲ್ಲಿ ಆ ಲೆಕ್ಕ ಬೆಳ್ಳಟ್ಟಿಗೆ ದೂರದ್ದಲ್ಲ.

ಇಸ್ರೊದ ಮಾತೂ ಬಂತು. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಮ್ಮ ತಂಡದೊಂದಿಗೆ ಆರ್ಯಭಟ ಉಪಗ್ರಹ ಕಟ್ಟಿದರು. 1975ರ ಏಪ್ರಿಲ್ 19ರಂದು ಹಾರಿದ ಅದರ ವಿದ್ಯುತ್ ವ್ಯವಸ್ಥೆ ಕೆಲವೇ ದಿನಗಳಲ್ಲಿ ಕೆಟ್ಟು, ಒಳಗಿದ್ದ ಪ್ರಯೋಗಗಳು ನಿಂತವು. ಬಡ ದೇಶಕ್ಕೆ ಇದೆಲ್ಲ ಯಾಕೆ ಎಂಬ ಮಾತು ಆಗಲೂ ಇತ್ತು. ಆದರೆ ಅಂಥ ಶೆಡ್ಡುಗಳಲ್ಲಿ ಕೈ ಪಳಗಿಸಿಕೊಂಡ ಸಂಸ್ಥೆಯ ಉಪಗ್ರಹಗಳೇ ಮುಂದೆ ಮೋಡದ ಚಿತ್ರ ಕಳಿಸತೊಡಗಿದವು. ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳು ನಿಂತವು. ಇವತ್ತು ರೈತ ಫೋನ್ ಮಾಡಿ ಮಳೆಯ ಮುನ್ಸೂಚನೆ ಕೇಳುವ 'ವರುಣ ಮಿತ್ರ' ಸಹಾಯವಾಣಿ ಇದೆ. ಅಪ್ಪ ಅದಕ್ಕೆ ಫೋನ್ ಮಾಡುವವನೇ. ಅದು ಒಮ್ಮೊಮ್ಮೆ ತಪ್ಪುತ್ತದೆ ಎಂದು ಬೈಯುವವನೂ ಹೌದು.

"ಆತ್ರಿ. ಮಂದಿ ರೊಕ್ಕ, ಸರ್ಕಾರದ ರೊಕ್ಕ, ಸುಟ್ರ ತಡಕೊಳ್ಳತೈತಿ" ಎಂದ ಅಪ್ಪ. "ನನ್ನದು ಸುಟ್ರ ತಡಕೊಳ್ಳಾಕ ಯಾರದಾರ? ಅವರಿಗೆ ಹದಿಮೂರು ಸಲ ಹೋಗಾಕ ಬರತೈತಿ. ನನಗ ಇದಾ ಮೂರನೇದು, ಇದಾ ಕಡೀದು."

ಈ ಮಾತಿಗೆ ಮಾಸ್ತರರಲ್ಲಿ ಉತ್ತರವಿರಲಿಲ್ಲ. ಕತ್ತಲಾಗಿತ್ತು. ಪಡುವಲಿನ ಚುಕ್ಕಿ ಬೇವಿನ ಮರದ ನೆತ್ತಿಗೆ ಇಳಿದಿತ್ತು. ಆಗ ಮಗಳು ಸೀರೆಯ ಗಂಟಿನಿಂದ ಬಿಚ್ಚುವಂತೆ ಒಂದು ಚೀಲದಿಂದ ಹಳೆಯ ಇನ್ನೂರು ಪುಟದ ನೋಟುಬುಕ್ಕು ತೆಗೆದಳು. ಅವಳು ಏಳನೆಯ ಇಯತ್ತೆಯಲ್ಲಿದ್ದಾಗಿನದು.

ಮೊದಲ ಬೋರು ಹೊಡೆಯುವ ದಿನ ಮಾಸ್ತರರೇ ಅವಳಿಗೆ ಒಂದು ಕೆಲಸ ಹಚ್ಚಿದ್ದರು. ಲಾರಿಯವರು ಕೊಳವೆ ಜೋಡಿಸಿದಾಗಲೆಲ್ಲ ಮೇಲೆ ಬಂದ ಪುಡಿಯ ಬಣ್ಣ ಬರೆದಿಡು, ಕೈಗೆ ಹಸಿ ಹತ್ತುತ್ತದೋ ಇಲ್ಲವೋ ಬರೆದಿಡು ಎಂದಿದ್ದರು. ಎಲ್ಲರೂ ನೀರಿಗಾಗಿ ಬಾಯಿ ಬಿಟ್ಟು ನಿಂತಿದ್ದಾಗ ಆ ಹುಡುಗಿ ಬೂದಿಯಲ್ಲಿ ಬಿಳಿಯಾಗಿ, ಪೆನ್ಸಿಲ್ ಹಿಡಿದು ಕುಳಿತಿದ್ದಳು. ಎರಡನೆಯ ಬೋರಿಗೂ ಹಾಗೆಯೇ ಬರೆದಿದ್ದಳು. ಬೋರು ಫೇಲಾದ ದುಃಖದಲ್ಲಿ ಆ ಬುಕ್ಕು ಯಾರಿಗೂ ನೆನಪಿರಲಿಲ್ಲ.

ಮಾಸ್ತರರು ಮೊಬೈಲಿನ ಬೆಳಕು ಹಿಡಿದರು. ಮಗಳು ಓದಿದಳು. ಮೊದಲನೆಯ ಬೋರು: ನಲವತ್ತು ಅಡಿವರೆಗೆ ಕೆಂಪು ಗರಸು. ಅಲ್ಲಿಂದ ಕೆಳಗೆ ಪುಡಿಕಲ್ಲು. ನೂರು ಅಡಿಯ ಆಸುಪಾಸಿನಲ್ಲಿ ಹಸಿ ಪುಡಿ, ಕೈಗೆ ಅಂಟುತ್ತದೆ. ನೂರಾ ಇಪ್ಪತ್ತರಿಂದ ಕರಿಕಲ್ಲು, ಒಣ ಬೂದಿ. 380ರ ತನಕವೂ ಒಣ ಬೂದಿ. ಎರಡನೆಯದು: ನೂರಾ ಹತ್ತರ ಹತ್ತಿರ ಹಸಿ. ಅಲ್ಲಿಂದ 520ರ ತನಕ ಒಣ ಬೂದಿ.

ಅಪ್ಪ ಬುಕ್ಕನ್ನು ಕೈಗೆ ತೆಗೆದುಕೊಂಡ. ಕಿರಿಯ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಎರಡೆರಡು ಸಲ ಓದಿದ. "ಅಂದ್ರ ಕೆಳಗ ಏನೂ ಇಲ್ಲ" ಎಂದ ಕೊನೆಗೆ. "ಇರೂ ಚೂರುಪಾರು ಮ್ಯಾಲಾ ಐತಿ."

"ಎರಡು ತೂತಿನ ಲೆಕ್ಕ ಅಷ್ಟ ಐತಪ್ಪಾ. ಮೂರನೇದ್ದು ಬ್ಯಾರೆ ಹೇಳಬಹುದು. ಆದ್ರ ಇದು ಹೇಳೂದು ಇಷ್ಟು" ಎಂದಳು ಮಗಳು. ಗೆದ್ದ ದನಿಯಲ್ಲಿ ಹೇಳಲಿಲ್ಲ.

ಮಾಸ್ತರರು ಅಂದು ಕೊನೆಗೆ ಹೇಳಿದ್ದು ಜಪಾನಿನ ಕಥೆ. ಅಕಾಟ್ಸುಕಿ ಎಂಬ ಅವರ ನೌಕೆ 2010ರ ಡಿಸೆಂಬರ್‌ನಲ್ಲಿ ಶುಕ್ರನ ಬಳಿಗೆ ಹೋಯಿತು. ದೊಡ್ಡ ಎಂಜಿನ್ ಕೆಟ್ಟು, ಹದ ತಪ್ಪಿ, ಗ್ರಹವನ್ನು ದಾಟಿಹೋಯಿತು. ಅವರು ಅದನ್ನು ಬಿಟ್ಟುಬಿಡಲಿಲ್ಲ. ಐದು ವರ್ಷ ಸೂರ್ಯನ ಸುತ್ತ ಸುತ್ತಿಸಿ, 2015ರ ಡಿಸೆಂಬರ್ 7ರಂದು ಸಣ್ಣ ಎಂಜಿನ್‌ಗಳನ್ನೇ ಉರಿಸಿ ಶುಕ್ರನ ಕಕ್ಷೆಗೆ ಸೇರಿಸಿದರು. 2024ರಲ್ಲಿ ಸಂಪರ್ಕ ಕಡಿಯುವ ತನಕ ಅದು ಅಲ್ಲಿಯ ಮೋಡ ಗಾಳಿಗಳನ್ನು ನೋಡುತ್ತಲೇ ಇತ್ತು. ಅಕಾಟ್ಸುಕಿ ಎಂದರೆ ಅವರ ಭಾಷೆಯಲ್ಲಿ ಬೆಳಗಿನ ಜಾವ.

ತೀರ್ಮಾನ ಅಂದು ಆಗಲಿಲ್ಲ. ರೊಕ್ಕದ ತೀರ್ಮಾನ ಕಟ್ಟೆಯ ಮೇಲೆ ಆಗುವುದೂ ಇಲ್ಲ. ಮಾರ್ಚ್‌ನಲ್ಲಿ ಸಂಜೆಯ ಚುಕ್ಕಿ ಮುಳುಗಿತು. ಮನೆಯಲ್ಲಿ ಎಷ್ಟು ರಾತ್ರಿ ಮಾತು ನಡೆಯಿತೋ ಬಲ್ಲವರಿಲ್ಲ. ಅವ್ವ ಒಂದು ಮಾತು ಹೇಳಿದ್ದು ಮಾತ್ರ ಹೊರಗೆ ಬಂತು: "ಬೋರಿಗೆ ಎರಡು ಸಲ ಕೊಟ್ಟೀವಿ. ಮಗಳಿಗೆ ಒಮ್ಮೆ ಕೊಡೂಣು." ಅಪ್ಪ ಬೋರಿನ ಲಾರಿಯವರಿಗೆ ಬೇಡವೆಂದು ಹೇಳಿ ಕಳಿಸಿದ. ಮಸಾರಿ ಹೊಲದ ತಗ್ಗಿನಲ್ಲಿ, ಮಳೆ ನೀರು ಹರಿದು ಹೋಗುವ ಕಡೆ, ಒಂದು ಕೃಷಿಹೊಂಡ ತೋಡಿಸಿದ. ಬೋರಿಗಿಂತ ಖರ್ಚು ಕಡಿಮೆ. ಉಳಿದದ್ದನ್ನು ಧಾರವಾಡಕ್ಕೆಂದು ತೆಗೆದಿಟ್ಟ. ಹೊಂಡ ತುಂಬುವುದಕ್ಕೂ ಮೋಡವನ್ನೇ ನಂಬಬೇಕು, ಎಂ.ಎಸ್ಸಿ. ಮುಗಿಸಿದವರಿಗೆ ನೌಕರಿ ಇಟ್ಟುಕೊಂಡು ಯಾರೂ ಕಾದಿಲ್ಲ. ಎರಡೂ ಅವನಿಗೆ ಗೊತ್ತು.

ಜೂನ್ ಮೊದಲ ವಾರ. ರೋಹಿಣಿಯ ಒಂದು ಮಳೆ ಬಿದ್ದು ಹೊಲಕ್ಕೆ ಹದ ಬಂದಿತ್ತು. ಅಪ್ಪ ನಾಲ್ಕು ಗಂಟೆಗೇ ಎದ್ದು ಗ್ವಾದಲಿಗೆ ಕಣಿಕೆ ಹಾಕಿ ಅಂಗಳಕ್ಕೆ ಬಂದ. ಮೋಡಗಳ ಸೀಳಿನಲ್ಲಿ ಬೆಳ್ಳಿ ಚುಕ್ಕಿ ದೀಪ ಹಚ್ಚಿಟ್ಟಂತೆ ನಿಂತಿತ್ತು. 460 ಡಿಗ್ರಿ ಎಂದು ನಂಬಲು ಈಗಲೂ ಮನಸ್ಸು ಬರುವಂತಿರಲಿಲ್ಲ. ಮಗಳು ಹಲ್ಲುಜ್ಜುತ್ತ ಹೊರಗೆ ಬಂದಳು.

"ನಮ್ಮವರು ಅಲ್ಲಿಗೆ ಹೋಗೂದು ಯಾವಾಗ ಅಂದಿ?"

"2028ರ ಮಾರ್ಚ್ ಅಂದಾರಪ್ಪಾ. ಇಳಿಯೂದಿಲ್ಲ, ಸುತ್ತ ತಿರುಗತೈತಿ."

"ನಿಂದು ಅಷ್ಟೊತ್ತಿಗೆ ಮುಗದಿರತೈತಿ ಹೌದಿಲ್ಲೊ?"

"ಮುಗದಿರತೈತಿ."

ಆತ ಬೀಜದ ಚೀಲವನ್ನು ಹೆಗಲಿಗೇರಿಸಿದ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತ.

"ಯವ್ವಾ, ಆ ಬುಕ್ಕಿನಾಗ ಇವತ್ತಿನ ತಾರೀಖು ಬರಿ. ನಿನ್ನಿ ಮಳಿ ಎಷ್ಟಾತು, ಹೊಂಡದಾಗ ಎಷ್ಟು ನಿಂತೈತಿ, ಅದನ್ನೂ ಬರಿ."